ಬಾಯಿತನಕ ಡೀಸೆಲ್

ಪಿಕಪ್ಪು ಲೀಟರಿಗೆ ಹತ್ತೇ ಕಿಲೋಮೀಟರು ಕೊಡ್ತಿದೆ ಅಂದರೆ, ಡೀಸೆಲ್ ಡ್ರೈವರ್ ಆದ ನಾನು ಕದೀತಿದ್ದೀನಿ ಅಂತ ಯಜಮಾನರಿಗೆ ಅನುಮಾನ. ಹದಿಮೂರು ಕೊಡುತ್ತೆ ಅಂದಿದ್ದ ಶೋರೂಮಿನ ಮೆಕ್ಯಾನಿಕ್ಕನ್ನೇ ಕರೆಸಿದರು. ಶಿವಮೊಗ್ಗದ ಬಂಕಿನಲ್ಲಿ ಅವನು ಗಾಡಿಯನ್ನು ಗಡಗಡ ಅಲುಗಾಡಿಸಿ, ಟ್ಯಾಂಕಿನ ಗಾಳಿ ಬಿಡಿಸಿ, ಬಾಯಿತನಕ ತುಂಬಿಸಿದ. ಭದ್ರಾವತಿಗೆ ಹೋಗಿಬಂದರೆ ನಲವತ್ತು ಕಿಲೋಮೀಟರು. ಅವನೇ ಓಡಿಸಿದ, ಕಬ್ಬಿನ ಟ್ರ್ಯಾಕ್ಟರ್ ಕೂಡ ನಮ್ಮನ್ನು ಹಿಂದೆ ಹಾಕಿತು. ಪಕ್ಕದಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ವಾಪಸ್ ಅದೇ ಬಂಕಿಗೆ ಬಂದರೆ, ಮೂರೇ ಲೀಟರಿಗೆ ಪಂಪಿನ ಗನ್ ಟಕ್ ಅಂತ ನಿಂತಿತು. ಕಾಯುತ್ತಿದ್ದ ಯಜಮಾನರು ನನ್ನ ಮುಖ ನೋಡಿದರು.

"ಫುಲ್ಲಾಯ್ತು ಸಾರ್," ಅಂದ ಮೆಕ್ಯಾನಿಕ್.

"ಬೆಳಗ್ಗೆ ಅಲುಗಾಡಿಸಿದ್ಯಲ್ಲ ಮಾರಾಯ, ಈಗ್ಲೂ ಅಲುಗಾಡಿಸು," ಅಂದೆ.

ಅವನು ಕೈ ಒರೆಸಿಕೊಳ್ಳುತ್ತ ನಿಂತ. ನಾನೇ ಅಲುಗಾಡಿಸಿದೆ. ಇನ್ನೂ ಒಂದು ಲೀಟರ್ ಹಿಡಿಯಿತು, ಲೆಕ್ಕ ಮತ್ತೆ ಹತ್ತಕ್ಕೇ ಬಂತು.

ಅವತ್ತಿನಿಂದ ಯಜಮಾನರು ನನ್ನ ಮೇಲೆ ಅನುಮಾನ ಬಿಟ್ಟರು. ಬಂಕಿನವನ ಅಳತೆಯ ಮೇಲೆ ಶುರುಮಾಡಿದರು.