ಕೆಂಪರಾಜುವಿನ ಕೈ ಕಾಯಂ ಆದದ್ದು

ಮುದ್ದೆಯನ್ನು ಚಮಚದಲ್ಲಿ ತಿನ್ನುವ ಮನುಷ್ಯನನ್ನು ನಾನು ಮೊದಲು ಕಂಡದ್ದು ಕಲ್ಯ ಗ್ರಾಮದ ಒಂದು ಬೀಗರೂಟದಲ್ಲಿ. ಎರಡು ಸಾವಿರದ ಏಳನೇ ಇಸವಿ ಇರಬೇಕು. ಬಿಡದಿ ಕಡೆಯ ಕಾರ್ಖಾನೆ ಬಸ್ಸುಗಳು ಮಾಗಡಿವರೆಗೂ ಬಂದು ನಮ್ಮ ಹುಡುಗರನ್ನು ತುಂಬಿಕೊಂಡು ಹೋಗುತ್ತಿದ್ದ ಕಾಲ. ಎದುರು ಪಂಕ್ತಿಯಲ್ಲಿ ನಮ್ಮೂರ ಮುನಿಯಮ್ಮನ ಮಗ ಕೆಂಪರಾಜು ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ ನುಂಗುತ್ತಿದ್ದ. ಕಂಪನಿ ಸೇರಿದ ವರ್ಷದೊಳಗೇ ದೊರೆಯಾಗಿಬಿಟ್ಟ ಎಂದುಕೊಂಡೆ. ಅಂದುಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ, ಕುದೂರಿನಲ್ಲಿ ಕನ್ನಡ ಮೇಷ್ಟ್ರು ನಾನು. ಎಲೆ ಮುಂದೆ ಕೂತೇ ನಾಡಿನ ಸಂಸ್ಕೃತಿಯ ಅವನತಿ ಕುರಿತು ಸಣ್ಣದೊಂದು ಭಾಷಣ ಮಾಡಿದೆ.

ಪಕ್ಕದಲ್ಲಿದ್ದ ಬೋರಲಿಂಗಯ್ಯ ಮೂಳೆ ಚೀಪುತ್ತಲೇ, "ಸಾರು ಆರೋಯ್ತದೆ, ಉಣ್ಣಿ ಮೇಷ್ಟ್ರೇ. ಅವ್ನ ಕೈ ನೋಡಿದ್ದೀರಾ?" ಎಂದ.

ಕೈ ತೊಳೆಯುವಲ್ಲಿ ನೋಡಿದೆ. ಬೆರಳ ಸಂದುಗಳೆಲ್ಲ ಕೆಂಪಗೆ ಊದಿದ್ದವು. ಗೆಣ್ಣುಗಳ ಮೇಲೆ, ಬೆಂದ ಹುರುಳಿಯ ಸಿಪ್ಪೆಯಂತೆ ಚರ್ಮ ಬಿರಿದಿತ್ತು. ಆ ಬೆರಳನ್ನು ಖಾರದ ಸಾರಿಗೆ ಅದ್ದುವ ಧೈರ್ಯ ಯಾವ ಸಂಸ್ಕೃತಿಗೂ ಇರಲಾರದು.

ಕೆಂಪರಾಜುವಿನದು ಕಬ್ಬಿಣದ ಬಿಡಿಭಾಗಗಳಿಗೆ ತೂತು ಕೊರೆಯುವ ಮೆಷಿನ್. ಕಬ್ಬಿಣ ಕಾಯದಿರಲೆಂದು ಅದರ ಮೇಲೆ ಹಾಲಿನಂಥ ಬಿಳಿ ಎಣ್ಣೆನೀರು ಸುರಿಯುತ್ತಲೇ ಇರುತ್ತದೆ. ಅದಕ್ಕೆ ಕೂಲೆಂಟ್ ಎನ್ನುತ್ತಾರೆ. ಪಾಳಿಯುದ್ದಕ್ಕೂ ಕೈ ಅದರಲ್ಲೇ. ಪಾಳಿ ಮುಗಿದ ಮೇಲೆ ಜಿಡ್ಡು ಹೋಗಲೆಂದು ಸೋಪಿನ ಪುಡಿ ಹಾಕಿ ಗಸಗಸ ಉಜ್ಜುವುದು. ಗ್ಲೌಸು ಹಾಕೋಣವೆಂದರೆ, ತಿರುಗುವ ಡ್ರಿಲ್ಲಿಗೆ ಸಿಕ್ಕಿ ಬೆರಳನ್ನೇ ಎಳೆದುಕೊಂಡೀತೆಂದು ಆ ಮೆಷಿನ್ ಹತ್ತಿರ ಅದಕ್ಕೆ ನಿಷೇಧ.

ಊರಿನಲ್ಲಿ ಡಾಕ್ಟರುಗಳಿಗೆ ಬರವೇ? ಮುನಿಯಮ್ಮ, "ನಂಜು ಕಣಪ್ಪ" ಎಂದು ಮೊದಲು ಬದನೆಕಾಯಿ ತಿನ್ನುವುದನ್ನು ಬಿಡಿಸಿದಳು, ಆಮೇಲೆ ಬಾಡು, ಕೊನೆಗೆ ಸೊಗಡಿನ ಕಾಲದಲ್ಲೇ ಅವರೆಕಾಯಿ. ಬೋರಲಿಂಗಯ್ಯ, "ಹುತ್ತ ಗಿತ್ತ ತುಳ್ದಿದ್ದೀಯೇನ್ಲಾ?" ಎಂದು ವಿಚಾರಣೆ ನಡೆಸಿದ. ನಾನು ಬೇವಿನೆಣ್ಣೆಯ ಮಹತ್ವ ವಿವರಿಸಿದೆ. ಪಾಪ, ಎಲ್ಲರ ಮಾತನ್ನೂ ಕೇಳಿದ. ರಾಮನಗರದ ಚರ್ಮದ ಡಾಕ್ಟರು ಮಾತ್ರ, "ನಂಜೂ ಅಲ್ಲ, ಅಂಟುರೋಗಾನೂ ಅಲ್ಲ. ಆ ನೀರು ಬಿಡು, ವಾಸಿಯಾಗುತ್ತೆ" ಎಂದು ಮುಲಾಮು ಬರೆದುಕೊಟ್ಟರು.

ನಿಜವೇ. ದೀಪಾವಳಿ ರಜೆಯಲ್ಲಿ ಕೈ ವಾಸಿಯಾಯಿತು. ಕೆಲಸಕ್ಕೆ ಹೋದ ವಾರದೊಳಗೆ ಮತ್ತೆ ಬಿರಿಯಿತು. ಬೇರೆ ಮೆಷಿನ್ ಕೇಳಿದ್ದಕ್ಕೆ ಕಂಟ್ರಾಕ್ಟರು, "ಬೇರೆ ಮೆಷಿನ್ ಇಲ್ಲ, ಗೇಟ್ ಐತೆ" ಎಂದನಂತೆ. ಆಗ ಕಂಟ್ರಾಕ್ಟಿನ ಹುಡುಗರಲ್ಲಿ ಕೆಲವರನ್ನು ಕಂಪನಿ ಕಾಯಂ ಮಾಡುವ ಸುದ್ದಿಯಿತ್ತು. ಅದಕ್ಕೆ ಮುಂಚೆ ಕಂಪನಿ ಡಾಕ್ಟರು ಮೈ ಪರೀಕ್ಷೆ ಮಾಡುತ್ತಾರೆ. ಕೈ ಕಂಡರೆ ಕೆಲಸ ಹೋಯಿತು.

"ಈ ಕೈ ಇಟ್ಕಂಡು ಹೆಂಗೋಗ್ಲವ್ವಾ?" ಎಂದ ತಾಯಿಗೆ.

"ಜ್ವರ ಅಂತ ಹೇಳಿ ರಜ ಹಾಕ್ಲಾ. ತೊಗಲು ಕೂಡ್ಕಂಡ್ ಮ್ಯಾಲೆ ಹೋಗೀಯಂತೆ."

ಸಂಬಳವಿಲ್ಲದ ರಜೆ ಹಾಕಿ, ನೀರನ್ನೂ ಮುಟ್ಟದೆ, ಹಸುಗೂಸಿನಂತೆ ಅವ್ವನ ಕೈತುತ್ತು ತಿಂದುಕೊಂಡು ಕೂತ. ಕೈ ಕೂಡಿಕೊಂಡಿತು. ಕಂಪನಿ ಡಾಕ್ಟರು ಬೆರಳು ನೋಡಿ, "ಫಿಟ್" ಎಂದು ಬರೆದರು. ಪರೀಕ್ಷೆ ಮುಗಿಸಿ ನೇರ ಅದೇ ಮೆಷಿನ್ನಿಗೆ ಹೋಗಿ ನಿಂತ. ಕಾಯಂ ಆದ ಆರ್ಡರು ಬರುವ ಹೊತ್ತಿಗೆ ಬೆರಳುಗಳೆಲ್ಲ ಮತ್ತೆ ಬಿರಿದಿದ್ದವು. ಆರ್ಡರಿನಲ್ಲಿದ್ದದ್ದೂ ಅದೇ ಮೆಷಿನ್, ಇನ್ನು ನಿವೃತ್ತಿಯವರೆಗೆ.

ಕಾಯಂ ಆದವರನ್ನು ವೇದಿಕೆಗೆ ಹತ್ತಿಸಿ, ವೆಲ್‌ಫೇರ್ ಸಾಹೇಬರು "ನೀವೇ ಈ ಸಂಸ್ಥೆಯ ಕೈಗಳು" ಎಂದು ಭಾಷಣ ಬಿಗಿದರಂತೆ. ಒಬ್ಬೊಬ್ಬರ ಕೈಯನ್ನೂ ಗಟ್ಟಿಯಾಗಿ ಹಿಡಿದು, ಫೋಟೋದವನು ಸಾಕೆನ್ನುವವರೆಗೂ ಕುಲುಕಿದರಂತೆ. ಆ ಫೋಟೋವನ್ನು ಮುನಿಯಮ್ಮ ನನಗೆ ತಂದು ತೋರಿಸಿದಳು. ಸಾಹೇಬರ ಹಲ್ಲುಗಳೆಲ್ಲ ಕಾಣುತ್ತಿದ್ದವು. ಕೆಂಪರಾಜು ಕಣ್ಣು ಮುಚ್ಚಿದ್ದ. ಭಾವುಕನಾಗಿದ್ದಾನೆ ಎಂದು ನಾನು ತೀರ್ಮಾನಿಸಿದೆ.

ಜಗಲಿ ಮೇಲೆ ಕೂತು ಬೆರಳಿಗೆ ಮುಲಾಮು ಸವರಿಕೊಳ್ಳುತ್ತಿದ್ದವನನ್ನು, ಆಕಾಶವಾಣಿಯ ಸಂದರ್ಶಕನ ಗತ್ತಿನಲ್ಲಿ ಕೇಳಿದೆ: "ಅಂಥಾ ದೊಡ್ಡ ಸಾಹೇಬ್ರು ಎಲ್ಲರೆದುರಿಗೆ ಕೈ ಕುಲುಕಿದಾಗ ನಿನಗೆ ಏನನ್ನಿಸ್ತು ಕೆಂಪರಾಜು?"

"ಉರೀತು ಮೇಷ್ಟ್ರೇ."