ತೋಳು ಎಲ್ಲಿಂದ ಶುರು

ಉದಗೀರಿನ ನಮ್ಮ ಟೇಲರ್ ಮಾಮಾ ಮೊಬೈಲಿನಲ್ಲಿ ಫುಟ್‌ಬಾಲ್ ನೋಡುತ್ತಲೇ ಅಂಗಿ ಹೊಲಿಯುತ್ತಿದ್ದರು. ತೋಳಿಗೆ ತಾಗಿದರೆ ತಪ್ಪು, ಹೆಗಲಿಗೆ ತಾಗಿದರೆ ಅಲ್ಲ; ಚೆಂಡು ಎಲ್ಲಿ ತಾಗಿತು ಎಂದು ರೆಫರಿ ವಿಡಿಯೋ ನೋಡಲು ಓಡಿದರೆ ಸಾಕು, ಮಷೀನು ನಿಲ್ಲಿಸಿ ತಮ್ಮ ಹೆಗಲು ತಡವಿಕೊಳ್ಳುತ್ತಿದ್ದರು. "ತೋಳು ಎಲ್ಲಿಂದ ಸುರು ಆಗ್ತದಂತ ಟೇಲರ್‌ಗ ಕೇಳ್ಬೇಕ್ರಿ." ಅಂಗಿ ಬಿಗಿಯಾಯಿತು ಎಂದವರಿಗೆ ಮಾತ್ರ ಯಾವಾಗಲೂ ಒಂದೇ ಉತ್ತರ: "ನನ್ನ ಅಳತಿ ತಪ್ಪಂಗಿಲ್ರಿ."

ಒಮ್ಮೆ ಮುರುಮ ಊರಿನ ತಂಡದೊಂದಿಗೆ ನಮ್ಮೂರಿನ ಫೈನಲ್ ಇತ್ತು. ಚೆಂಡು ಅವರ ಆಟಗಾರನ ತೋಳಿನ ಬಟ್ಟೆಗೆ ತಾಗಿದ್ದು ಯಾರದೋ ಮೊಬೈಲ್ ವಿಡಿಯೋದಲ್ಲಿ ಕಂಡಿತು. ರೆಫರಿ ನಮಗೆ ಪೆನಾಲ್ಟಿ ಕೊಟ್ಟರು. ಎರಡೂ ತಂಡಗಳ ಅಂಗಿ ಹೊಲಿದಿದ್ದ ಮಾಮಾ ಕೊರಳಿನ ಟೇಪು ತೆಗೆಯುತ್ತ ಮೈದಾನಕ್ಕಿಳಿದು ಆ ಆಟಗಾರನ ಹೆಗಲು ಅಳೆದರು.

"ಚೆಂಡು ಬಡದಿದ್ದು ಹೆಗಲಿಗೇ ರೀ, ಸಾಹೇಬ್ರ. ನಾನೇ ಹೆಗಲ ಎರಡು ಬೆರಳ ಸಣ್ಣ ಹೊಲ್ದೀನಿ, ತೋಳಿನ ಬಟ್ಟಿ ಹೆಗಲ ಮ್ಯಾಲ ಕುಂತದ."

ನಮ್ಮೂರವರು ಬೈಯುತ್ತಿದ್ದರು. ಮಾಮಾ ಟೇಪು ಸುತ್ತುತ್ತ ಮೆಲ್ಲಗೆ ಅಂದರು: "ಅಳತಿ ತಪ್ಯದ್ರಿ."