ಗೋದಲಿಯ ಬುಡ ಕಾಣಲಿಲ್ಲ

ನಮ್ಮ ಮನೆಯ ಟಿವಿಯ ಚಿತ್ರವನ್ನು ಕೆಡಿಸಿದವನು ನಾನೇ. ಅದು ಯಾರಿಗೂ ಗೊತ್ತಿರಲಿಲ್ಲ. ಬಾಯಿ ಬಿಟ್ಟು ಒಂದು ಮಾತು ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಕೂತಿದ್ದರಿಂದ ಪಕ್ಕದ ಮನೆಗೆ ಏನಾಯಿತು ಎನ್ನುವುದನ್ನು ಬರೆಯಬೇಕಾಗಿದೆ. ನಾನು ಮೆಟ್ರಿಕ್ ತನಕ ಓದಿದವನು. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ಅಂಕಲಿಯಿಂದ ಸ್ವಲ್ಪ ಆಚೆಗೆ, ಕೃಷ್ಣೆಯ ದಂಡೆಯ ಮೇಲೆ ನಮ್ಮ ಊರು. ಇಲ್ಲಿ ಮಳೆ ಬರದಿದ್ದರೂ ಹೊಳೆ ಬರುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಮೇಲಿನಿಂದ ನೀರು ಬಿಟ್ಟರೆ ಸಾಕು, ನಾವು ಬಿಸಿಲಲ್ಲಿ ನಿಂತು ನೋಡುತ್ತಿರುವಾಗಲೇ ನೀರು ಕಬ್ಬಿನೊಳಗೆ ನುಗ್ಗುತ್ತದೆ. ಹೀಗಾಗಿ ಮಳೆಗಾಲದಲ್ಲಿ ನಮ್ಮವರು ಟಿವಿಯಲ್ಲಿ ಮಾತಾಡುವವರ ಮುಖ ನೋಡುವುದಿಲ್ಲ, ಕೆಳಗೆ ಓಡುವ ಅಕ್ಷರದ ಪಟ್ಟಿ ನೋಡುತ್ತಾರೆ. ಎಲ್ಲಿ ಎಷ್ಟು ನೀರು ಬಿಟ್ಟರು, ಯಾವ ಸೇತುವೆ ಮುಳುಗಿತು, ಎಲ್ಲ ಅಲ್ಲೇ ಬರುವುದು.

ನನ್ನ ಹೆಂಡತಿಗೆ ಆ ಪಟ್ಟಿಯೇ ಕಂಟಕವಾಗಿತ್ತು. ಅವಳ ತಂಗಿಯನ್ನು ಕೊಟ್ಟದ್ದು ಹೊಳೆಯ ಆಚೆ, ಕಾಗವಾಡದ ಕಡೆಗೆ. ಹಿಂದಿನ ಮಹಾಪೂರದಲ್ಲಿ ಆ ಊರಿನ ಹೆಸರು ಪಟ್ಟಿಯಲ್ಲಿ ಓಡಿದಾಗ ಇವಳು ಕೂತಲ್ಲೇ ಕುಸಿದಿದ್ದಳು. ಎದೆಗೆ ಗಾಬರಿ ಆಗಕೂಡದು ಎಂದು ಚಿಕ್ಕೋಡಿಯ ಡಾಕ್ಟರು ಹೇಳಿದ್ದರು. ಈ ಸಲ ಹೊಳೆ ಏರತೊಡಗಿದಾಗ ನಾನು ಸದ್ದಿಲ್ಲದೆ ರಿಮೋಟ್ ತೆಗೆದುಕೊಂಡು ಚಿತ್ರದ ಅಳತೆಯನ್ನು ಜೂಮ್ ಮಾಡಿಟ್ಟೆ. ಚಿತ್ರ ಹಿಗ್ಗಿ ಅಂಚುಗಳೆಲ್ಲ ಹೊರಗೆ ಹೋದವು. ಪಟ್ಟಿಯೂ ಹೋಯಿತು.

"ಅಕ್ಷರಾ ಯಾಕ ಬರವಲ್ವು?" ಎಂದು ಕೇಳಿದಳು.

"ಟಿವಿಗೆ ವಯಸ್ಸಾತು, ನನ್ನಂಗ" ಎಂದೆ. ಅವಳು ನಕ್ಕಳು. ನನಗೆ ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

ಪಕ್ಕದ ಮನೆಯವನಿಗೆ ಎರಡು ಎಮ್ಮೆಗಳಿದ್ದವು. ಅವನ್ನು ಹೊಳೆಯ ಕಡೆಯ ಹೊಲದಲ್ಲಿ, ತಗಡಿನ ಶೆಡ್ಡಿನಲ್ಲಿ ಕಟ್ಟುತ್ತಿದ್ದ. ಒಂದು ಎಮ್ಮೆ ಗಬ್ಬವಿತ್ತು, ದಿನ ತುಂಬಿತ್ತು. ಅಂಥದ್ದನ್ನು ಮಳೆಯಲ್ಲಿ, ಕೆಸರಿನಲ್ಲಿ ಊರ ತನಕ ನಡೆಸಲು ಯಾರಿಗೂ ಮನಸ್ಸಾಗುವುದಿಲ್ಲ. ಅದಕ್ಕೆ ನಮ್ಮ ಕಡೆ ಒಂದು ಲೆಕ್ಕವಿದೆ: ಮೇವು ಹಾಕುವ ಗೋದಲಿಯ ಬುಡದ ಕಲ್ಲಿಗೆ ನೀರು ಮುಟ್ಟಿತೆಂದರೆ ದನ ಬಿಚ್ಚಬೇಕು, ಅಲ್ಲಿಯ ತನಕ ತಡೆಯಬಹುದು. ಆ ಕಲ್ಲನ್ನು ಮನೆಯಿಂದಲೇ ನೋಡಲಿ ಎಂದು ಅವನ ಮಗ ಶೆಡ್ಡಿನಲ್ಲಿ ಬಿಸಿಲಿನ ಕರೆಂಟಿನ ಕ್ಯಾಮೆರಾ ಕೂರಿಸಿದ್ದ. ಅದರ ಚಿತ್ರ ಬರುತ್ತಿದ್ದದ್ದು ಮಗನ ಫೋನಿನಲ್ಲಿ ಮತ್ತು ಸೊಸೆಯ ಲ್ಯಾಪ್‌ಟಾಪಿನಲ್ಲಿ. ಮಗ ಲಾರಿ ತೆಗೆದುಕೊಂಡು ದೂರ ಹೋಗಿದ್ದ, ಫೋನು ಹತ್ತುತ್ತಿರಲಿಲ್ಲ. ಸೊಸೆ ನಿಪ್ಪಾಣಿಯ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅವಳ ಲ್ಯಾಪ್‌ಟಾಪ್ ಮಂಚದಿಂದ ಬಿದ್ದು ಪರದೆ ಪೂರ್ತಿ ಕಪ್ಪಾಗಿತ್ತು. ಅವರ ಮನೆಯಲ್ಲಿದ್ದದ್ದು ಹಳೆಯ ಡಬ್ಬಾ ಟಿವಿ, ಕೇಬಲ್ ಚುಚ್ಚಲು ಜಾಗವೇ ಇಲ್ಲ. ಆ ಸಂಜೆ ಮಾವ, ಸೊಸೆ ಇಬ್ಬರೂ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಕಾಕಾ, ನಿಮ್ಮ ಟಿವಿದಾಗ ನಮ್ಮ ಎಮ್ಮಿ ನೋಡೂದೈತ್ರಿ" ಎಂದ ಅವನು.

"ನೋಡಪಾ, ಧಾರಾವಾಹಿಗಿಂತ ಚಲೋ ಇರ್ತಾವ" ಎಂದಳು ನನ್ನ ಹೆಂಡತಿ.

ಸೊಸೆ ಕೇಬಲ್ ಚುಚ್ಚಿದಳು. ಟಿವಿ, ಸಿಗ್ನಲ್ ಇಲ್ಲ ಎಂದಿತು. ಹಿಂದೆ ಕೈ ಹಾಕಿ ಇನ್ನೊಂದು ತೂತಿಗೆ ಬದಲಾಯಿಸಿದಳು. ಈಗ ಬರೀ ಒಂದು ಬೆಟ್ಟದ ಚಿತ್ರ ಬಂತು.

"ಏನವಾ, ಎಮ್ಮಿ ತೋರಸ್ತೀನಿ ಅಂತ ಗುಡ್ಡಾ ತೋರಸಾಕತ್ತಿಯಲ್ಲ" ಎಂದ ಮಾವ.

"ತಡೀರಿ ಮಾವಾರ. ಟಿವಿನ್ನ ಎರಡನೇ ಪರದೆ ಅಂತ ತಿಳಕೊಂಡೈತಿ ಇದು. ಎರಡರಾಗೂ ಒಂದ ಚಿತ್ರಾ ಬರೂವಂಗ ಮಾಡ್ತೀನಿ" ಎಂದು ಅವಳು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದಳು.

ಶೆಡ್ಡು ಬಂತು. ಬೂದಿ ಬಣ್ಣದ ಚಿತ್ರ. ಎರಡೂ ಎಮ್ಮೆಗಳು ನಿಂತಿದ್ದವು. ಬೆನ್ನು, ಕೊಂಬು, ಗೋದಲಿಯ ಮೇಲಂಚು ಕಾಣುತ್ತಿತ್ತು. ಅದಕ್ಕಿಂತ ಕೆಳಗೆ ಏನೂ ಇರಲಿಲ್ಲ, ಟಿವಿಯ ಚೌಕಟ್ಟೇ ಬಂದುಬಿಟ್ಟಿತ್ತು.

ಮಾವ ಉಸಿರು ಬಿಟ್ಟ. "ನಿಂತಾವ ನೋಡು, ಆರಾಮ ಅದಾವ."

ಸೊಸೆ ಮಾತ್ರ ಪರದೆಯ ಹತ್ತಿರ ಹೋಗಿ ಬಗ್ಗಿದಳು. "ಇಲ್ರಿ ಮಾವಾರ, ಕೆಳಗಿಂದು ಕಟ್ ಆಗೈತಿ. ಕಲ್ಲ ಕಾಣವಲ್ದು. ಈ ಚಿತ್ರದಾಗ ಇನ್ನೂ ಕೆಳಗ ಐತ್ರಿ."

ಅವಳು ಏನೇನೋ ಮಾಡಿದಳು. ಅಳತೆ ಸಣ್ಣದು ಮಾಡಿದರೆ ಚಿತ್ರ ಮಬ್ಬಾಯಿತು, ಅಂಚು ಬರಲಿಲ್ಲ. ಕೇಬಲ್ ತೆಗೆದು ಊದಿ ಮತ್ತೆ ಚುಚ್ಚಿದಳು. ಲ್ಯಾಪ್‌ಟಾಪನ್ನೇ ಆರಿಸಿ ಮತ್ತೆ ಹೊತ್ತಿಸಿದಳು. ನಾನು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದೆ. ದೋಷ ಎಲ್ಲಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಕೊನೆಗೆ ಅವಳು ನನ್ನ ಕಡೆ ತಿರುಗಿದಳು. "ಅಜ್ಜಾರ, ರಿಮೋಟ ಕೊಡ್ರಿ. ಟಿವಿದ ಸೆಟ್ಟಿಂಗ್‌ದಾಗ ಏನರ ಇರಬೇಕು."

ರಿಮೋಟ್ ನನ್ನ ತೊಡೆಯ ಮೇಲಿತ್ತು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಒಂದು ಗುಂಡಿ ಒತ್ತಿದರೆ ನನ್ನ ಕಳ್ಳಾಟ ಬಯಲಾಗುತ್ತಿತ್ತು, ಅವರು ಹೋದ ಮೇಲೆ ಸುದ್ದಿ ಹಾಕಿದರೆ ಪಟ್ಟಿಯೂ ಓಡುತ್ತಿತ್ತು. ಅವತ್ತು ಮಧ್ಯಾಹ್ನ ಅವಳ ತಂಗಿಯ ಊರಿನ ದಾರಿ ಮುಳುಗಿದ ಸುದ್ದಿ ಪೇಟೆಯಲ್ಲಿ ನನ್ನ ಕಿವಿಗೆ ಬಿದ್ದಿತ್ತು.

"ಅದನ್ನ ಮುಟ್ಟಬ್ಯಾಡ ತಂಗಿ. ಚಾನಲ್ ಎಲ್ಲಾ ಹೋಗಿಬಿಡ್ತಾವ. ಟಿವಿ ಸರಿ ಐತಿ, ನಿನ್ನ ಕಂಪ್ಯೂಟರ ಬಿದ್ದೈತಲ್ಲ, ಅದರದ ದೋಷ ಇದು."

ಇಷ್ಟು ಸಲೀಸಾಗಿ ಸುಳ್ಳು ನನ್ನ ಬಾಯಿಂದ ಬಂತು.

"ಮಾವಾರ, ಹೋಗಿ ನೋಡಿ ಬರೂನ್ರಿ" ಎಂದಳು ಅವಳು. ದನಿ ಸಣ್ಣದಾಗಿತ್ತು.

"ಈ ಮಳಿಯಾಗ? ಕಣ್ಣಮುಂದ ಕಾಣಾಕತ್ತಾವು. ಮುಂಜಾನಿ ಎದ್ದ ಕೂಡಲೆ ಹೋಗ್ತೀನಿ" ಎಂದು ಅವನು ನನ್ನ ಕಡೆ ನೋಡಿದ. "ಏನಂತೀರಿ ಕಾಕಾ?"

ಅವನ ಹಿಂದೆ ಪರದೆಯ ಮೇಲೆ ಎಮ್ಮೆಗಳು ಮೇವಿಗೆ ಬಾಯಿ ಹಾಕುತ್ತಿರಲಿಲ್ಲ. ಎರಡೂ ಕತ್ತು ಬಗ್ಗಿಸಿ ತಮ್ಮ ಕಾಲುಗಳನ್ನು ನೋಡುತ್ತಿದ್ದವು. ಗಬ್ಬದ ಎಮ್ಮೆಯ ಬೆನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸರಿಯುತ್ತಿತ್ತು. ನೀರಿನಲ್ಲಿ ನಿಂತು ಕಾಲು ಎತ್ತಿ ಎತ್ತಿ ಇಡುವ ದನದ ಬೆನ್ನು ಹಾಗೆ ಸರಿಯುತ್ತದೆ. ಜೀವಮಾನವೆಲ್ಲ ದನ ಕಟ್ಟಿದವನು ನಾನು, ನನಗೆ ಗೊತ್ತಾಗದ ಮಾತಲ್ಲ.

"ಮುಂಜಾನಿ ಹೋಗು" ಎಂದೆ.

ಅವರು ಹೋದರು. ಎದ್ದು ಹೋಗಿ ಅವರ ಬಾಗಿಲು ಬಡಿಯಬೇಕೆಂದು ಎರಡು ಸಲ ಚಪ್ಪಲಿ ಮೆಟ್ಟಿದೆ. ಏನು ಹೇಳಿ ಕರೆಯಲಿ ಎಂದು ಹೊಳೆಯದೆ ಎರಡು ಸಲವೂ ಬಿಚ್ಚಿಟ್ಟೆ.

ಬೆಳಗಾಗುವಷ್ಟರಲ್ಲಿ ಹೊಲದ ದಾರಿಯೇ ಇರಲಿಲ್ಲ. ಕಬ್ಬಿನ ತುದಿಗಳಷ್ಟೇ ಕಾಣುತ್ತಿದ್ದವು. ಒಂದು ಎಮ್ಮೆ ಗೂಟ ಕಿತ್ತುಕೊಂಡು ದಿಬ್ಬ ಹತ್ತಿ ಬದುಕಿತ್ತು. ದಿನ ತುಂಬಿದ್ದು ಕಟ್ಟಿದಲ್ಲೇ ಇತ್ತು. ನೀರು ಇಳಿದ ಮೇಲೆ ಅದನ್ನು ಎಳೆದು ಹೊರಗೆ ಹಾಕುವಾಗ ಊರಿನ ಗಂಡಸರ ಜೊತೆ ನಾನೂ ಹಗ್ಗಕ್ಕೆ ಕೈ ಕೊಟ್ಟೆ. ಹೊಟ್ಟೆಯ ಕಡೆ ಯಾರೂ ನೋಡಲಿಲ್ಲ.

ಆಮೇಲೆ ಮಾತು ಶುರುವಾಯಿತು. "ಸೊಸಿ ಕಂಪ್ಯೂಟರ ನಂಬಿ ಕೆಟ್ಟೆ" ಎಂದು ಪಕ್ಕದ ಮನೆಯವನು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ನೀರಿಗೆ ಹೋಗುವ ಹೆಂಗಸರ ಬಾಯಲ್ಲಿ ಅದು ಬೇರೆಯಾಯಿತು: ಸೊಸೆ ಬಂದ ವರ್ಷವೇ ಎರಡು ಜೀವ ನುಂಗಿದಳು. ಹೋಗಿ ನೋಡೋಣ ಎಂದು ಅಂಗಲಾಚಿದ್ದು ಅವಳೇ. ಅದನ್ನು ಕೇಳಿಸಿಕೊಂಡವರಲ್ಲಿ ನಾನೂ ಒಬ್ಬ, ಆದರೂ ಕಟ್ಟೆಯ ಮೇಲೆ ಬಾಯಿ ತೆರೆಯಲಿಲ್ಲ. ದಸರೆಯ ಮೊದಲು ಅವಳನ್ನು ನಿಪ್ಪಾಣಿಗೆ ಕಳಿಸಿದರು. ನಾಲ್ಕು ದಿನ ಇದ್ದು ಬರಲಿ ಎಂದರು. ದೀಪಾವಳಿ ಆಯಿತು, ಕಬ್ಬಿನ ಕಟಾವು ಮುಗಿಯಿತು, ಅವಳು ಬರಲಿಲ್ಲ. ಗಂಡ ಲಾರಿಯಿಂದ ಇಳಿದರೂ ಅವಳ ಹೆಸರು ಎತ್ತುತ್ತಿರಲಿಲ್ಲ.

ಒಂದು ದಿನ ನಾನು ಅವಳ ಮಾವನನ್ನು ಮನೆಗೆ ಕರೆದೆ. ಹೆಂಡತಿಯನ್ನೂ ಕೂರಿಸಿದೆ. ಟಿವಿ ಹಾಕಿ, ರಿಮೋಟ್ ಒತ್ತಿ, ಅಂಚುಗಳನ್ನು ಒಳಗೆ ತಂದು ತೋರಿಸಿದೆ. ಪಟ್ಟಿ ಓಡತೊಡಗಿತು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ನಾನು ಹೆದರಿದ್ದಂತೆ ಅವಳ ಎದೆಗೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ನಾನು ಹೇಳಿದ ಸುದ್ದಿಯನ್ನು ಇನ್ನೊಬ್ಬರ ಹತ್ತಿರ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ.

ಅವನು ಪಟ್ಟಿಯ ಕಡೆ ಬೆರಳು ಮಾಡಿದ. "ಅವತ್ತ ಒಂದ ಮಾತ ಅಂದಿದ್ರ ಸಾಕಾಗಿತ್ತಲ್ರಿ ಕಾಕಾ" ಎಂದು ಎದ್ದು ಹೋದ.

ಅವನು ಈಗ ಸೊಸೆಯನ್ನು ಕರೆತರುತ್ತಾನೆ ಎಂದುಕೊಂಡೆ. ವಾರಗಳು ಕಳೆದವು. ಆಗ ನಾನೇ ಬಸ್ಸು ಹತ್ತಿ ನಿಪ್ಪಾಣಿಗೆ ಹೋದೆ. ಅವಳ ತವರಿನವರು ಚಹಾ ಕೊಟ್ಟರು, ನಾನು ಲೋಟ ಕೆಳಗಿಟ್ಟು ಮೊದಲು ಹೇಳಬೇಕಾದದ್ದನ್ನು ಹೇಳಿದೆ. ಕಾಲು ಮುಟ್ಟಲು ಬಗ್ಗಿದಾಗ ಅವಳು ಹಿಂದೆ ಸರಿದಳು.

"ಹಂಗ ಮಾಡಬ್ಯಾಡ್ರಿ ಅಜ್ಜಾರ, ದೊಡ್ಡವರು ನೀವು."

ಅವಳು ಬೈಯಲಿಲ್ಲ, ಅಳಲಿಲ್ಲ. ನೇರವಾಗಿ ಕೇಳಿದಳು. "ಇದು ನಮ್ಮ ಮಾವಾರಿಗೆ ಗೊತ್ತೈತೇನ್ರಿ?"

"ಗೊತ್ತೈತಿ ತಂಗಿ. ನಾನ ಹೇಳೇನಿ."

"ಅವರಿಗೆ?" ಎಂದಳು. ಗಂಡನನ್ನು ಕುರಿತು ಕೇಳಿದ್ದು.

"ಅವನಿಗೂ ಗೊತ್ತಾಗೈತಿ. ಅವರಪ್ಪ ಹೇಳ್ಯಾನ."

"ಯಾವಾಗ ಹೇಳಿದ್ರಿ?"

"ತಿಂಗಳಾತು."

ಅವಳು ಬಾಗಿಲಿನ ಆಚೆ ರಸ್ತೆಯ ಕಡೆ ನೋಡಿದಳು. "ಹಂಗಾದ್ರ ಯಾಕ ಬಂದಿಲ್ರಿ ಅವರು?"

ನಿಜ ಹೇಳಿದರೆ ಎಲ್ಲ ಮೊದಲಿನ ಹಾಗೆ ಆಗುತ್ತದೆ ಎಂದು ನಂಬಿಕೊಂಡು ನಾನು ಅಷ್ಟು ದೂರ ಹೋಗಿದ್ದೆ. ಅವಳ ತಾಯಿ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು. ಅವಳು ಮಾತ್ರ ನನ್ನ ಎದುರಿಗೆ, ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತ ನಿಂತೇ ಇದ್ದಳು.